ಕೂತಲ್ಲೇ ಕೂತು ತೂಕ ಇಳಿಸುವುದು ಹೇಗೆ? (ಎಂಎಸ್, ವಾಕರ್, 80 ದಾಟಿದ ತೂಕ)

ಬೆಣ್ಣೆನಗರಿ ಟೀಚರ್:

ಎಲ್ಲರಿಗೂ ನಮಸ್ಕಾರ. ನನಗೆ 43, ಊರು ದಾವಣಗೆರೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ನರಗಳ ಕಾಯಿಲೆ) ಅಂತ ಗೊತ್ತಾಗಿ 11 ವರ್ಷ ಆಯಿತು. ಮನೆಯೊಳಗೆ ವಾಕರ್, ಹೊರಗೆ ಹೋದರೆ ಗಾಲಿಕುರ್ಚಿ. ಬಲಗಾಲಿನ ಪಾದ ಎತ್ತಲು ಬರುವುದಿಲ್ಲ, ಹೆಬ್ಬೆರಳು ನೆಲಕ್ಕೆ ತಾಗಿ ಎಡವುತ್ತೇನೆ. ಶಾಲೆಗೆ ಹೋಗುತ್ತಿದ್ದಾಗ ನಾನು 60 ಕೆಜಿ. ಈಗ 80 ದಾಟಿದೆ ಅನಿಸುತ್ತದೆ. ಸರಿಯಾಗಿ ಗೊತ್ತಿಲ್ಲ, ಯಾಕೆಂದರೆ ತೂಕದ ಮಷೀನ್ ಮೇಲೆ ಏನೂ ಹಿಡಿಯದೆ ನಿಲ್ಲಲು ಆಗುವುದಿಲ್ಲ. ಗೋಡೆ ಹಿಡಿದರೆ ಒಮ್ಮೆ 74 ತೋರಿಸುತ್ತದೆ, ಒಮ್ಮೆ 79.

ಹೋದ ತಿಂಗಳು ಬಚ್ಚಲಲ್ಲಿ ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಆದರೆ ನಮ್ಮ ಯಜಮಾನರಿಗೆ ನನ್ನನ್ನು ಎತ್ತಲು ಆಗಲಿಲ್ಲ. ಅವರಿಗೂ ಸೊಂಟ ನೋವು. ಕೊನೆಗೆ ಪಕ್ಕದ ಮನೆಯ ಹುಡುಗರಿಬ್ಬರನ್ನು ಕರೆದು, ನನಗೆ ಒಂದು ಬೆಡ್‌ಶೀಟ್ ಸುತ್ತಿ ಎತ್ತಿಸಿದರು. ಆ ಹುಡುಗರಲ್ಲಿ ಒಬ್ಬ ನನ್ನ ಹಳೇ ವಿದ್ಯಾರ್ಥಿ. ಅವತ್ತೇ ತೂಕ ಇಳಿಸಲೇಬೇಕು ಅಂತ ತೀರ್ಮಾನ ಮಾಡಿದೆ.

ಇಲ್ಲಿನ ಡಾಕ್ಟರ್ ಒಬ್ಬರ ಹತ್ತಿರ ಹೋದೆವು. "ದಿನಾ 45 ನಿಮಿಷ ವಾಕ್ ಮಾಡಿ, ಅನ್ನ ಬಿಡಿ" ಅಂದರು. ನಾನು ಗಾಲಿಕುರ್ಚಿಯಲ್ಲೇ ಕೂತಿದ್ದೆ! ಸರಿ, ಅನ್ನ ಬಿಟ್ಟೆ. ಆಮೇಲೆ ರಾತ್ರಿ ಊಟವನ್ನೇ ಬಿಟ್ಟೆ. ಎಂಎಸ್‌ಗೆ ನನ್ನದು ಡೈಮಿಥೈಲ್ ಫ್ಯುಮರೇಟ್ ಮಾತ್ರೆ, ದಿನಕ್ಕೆ ಎರಡು ಸಲ. ಖಾಲಿ ಹೊಟ್ಟೆಗೆ ನುಂಗಿದರೆ ಮುಖವೆಲ್ಲ ಕೆಂಪಾಗಿ ಹೊಟ್ಟೆ ಹಿಂಡುತ್ತದೆ. ಅದಕ್ಕೆ ಅಂತ ಬೆಳಿಗ್ಗೆ ಬೆಣ್ಣೆ ದೋಸೆ, ರಾತ್ರಿ ಮಾತ್ರೆಗೆ ಬಿಸ್ಕತ್ತು. ಯೂಟ್ಯೂಬ್ ನೋಡಿ ಕುರ್ಚಿ ವ್ಯಾಯಾಮವನ್ನೂ ಮಾಡಿದೆ. ಬೆಳಿಗ್ಗೆ 11 ಗಂಟೆಗೆ, ಮಾರ್ಚ್ ಬಿಸಿಲಲ್ಲಿ, ತಗಡಿನ ಶೀಟಿನ ಮನೆಯಲ್ಲಿ. ಎರಡು ದಿನ ಮೇಲೇಳಲು ಆಗಲಿಲ್ಲ, ಕಣ್ಣೂ ಮಂಜು ಮಂಜಾಯಿತು. ರಿಲ್ಯಾಪ್ಸ್ ಬಂತು, ಅಂದರೆ ಕಾಯಿಲೆ ಮತ್ತೆ ಕೆರಳಿತು ಅಂತ ಹೆದರಿದ್ದೆ. ಹೋದ ವರ್ಷ ಎರಡು ಸಲ ಸ್ಟೆರಾಯ್ಡ್ ಡ್ರಿಪ್ ಬೇರೆ ಆಗಿದೆ.

ನಡೆಯಲು ಬಾರದವರು ಯಾರಾದರೂ ಇಳಿಸಿದ್ದೀರಾ? ಜಿಮ್ಮು, ವಾಕಿಂಗ್, ಸೂರ್ಯ ನಮಸ್ಕಾರ ಹೇಳಬೇಡಿ ದಯವಿಟ್ಟು.

ಮಂಡಿಪೇಟೆ ಭಾವ:

ತಂಗಿ, ನಾನು ತುಮಕೂರಿನವನು, 54 ವಯಸ್ಸು, ಎಂಎಸ್ 17 ವರ್ಷದಿಂದ, ಪೂರ್ತಿ ಗಾಲಿಕುರ್ಚಿ ಹಿಡಿದು 9 ವರ್ಷ. 88 ಇದ್ದವನು 79ಕ್ಕೆ ಬಂದಿದ್ದೇನೆ, ಒಂದೂವರೆ ವರ್ಷ ಹಿಡಿಯಿತು.

ಮೊದಲು ತೂಕದ ವಿಷಯ. ಗೋಡೆ ಹಿಡಿದು ತೂಗುವುದು ಸುಮ್ನೆ ದಂಡ. ನನ್ನ ಭಾವಮೈದನದು ಅಕ್ಕಿ ಮಂಡಿ. ಅಲ್ಲಿ ಮೂಟೆ ತೂಗುವ ದೊಡ್ಡ ಮಷೀನ್ ಇದೆ ನೋಡಿ, ಅದರ ಮೇಲೆ ಹಮಾಲರು ನನ್ನನ್ನು ಗಾಲಿಕುರ್ಚಿ ಸಮೇತ ತಳ್ಳಿ ನಿಲ್ಲಿಸುತ್ತಾರೆ. ಮೊದಲನೇ ಸಲ ನಾಚಿಕೆ ಆಯಿತು, ಆಮೇಲೆ ಅವರೇ "ಅಣ್ಣಾ ಈ ತಿಂಗಳು ಒಂದು ಸೇರು ಕಮ್ಮಿ" ಅಂತ ತಮಾಷೆ ಮಾಡಲು ಶುರು ಮಾಡಿದರು. ಖಾಲಿ ಕುರ್ಚಿಯನ್ನು ಒಮ್ಮೆ ಬೇರೆ ತೂಗಿ ಬರೆದಿಟ್ಟುಕೊಳ್ಳಿ, ನನ್ನದು 17 ಕೆಜಿ, ಅದನ್ನು ಕಳೆದರೆ ಆಯಿತು. ದಾವಣಗೆರೆಯಲ್ಲಿ ಮಂಡಿಗೇನು ಬರವಾ? ತಿಂಗಳಿಗೆ ಒಂದೇ ಸಲ ಸಾಕು. ಮಧ್ಯದಲ್ಲಿ ಟೇಪು ಹಿಡಿದು ಹೊಟ್ಟೆ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಜಾಸ್ತಿ ಅಂತ ಲೆಕ್ಕ.

ಇನ್ನು ಊಟ. ನಾನೂ ನಿಮ್ಮ ಹಾಗೇ ಅನ್ನದ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಆದರೆ ಕಳ್ಳ ಎಣ್ಣೆ ಡಬ್ಬದಲ್ಲಿದ್ದ. ನಮ್ಮ ಮನೆಯಲ್ಲಿ ಇಬ್ಬರೇ, ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾಗುತ್ತಿತ್ತು. ಭಾಗಿಸಿ ನೋಡಿದರೆ ಒಬ್ಬರಿಗೆ ದಿನಕ್ಕೆ 60 ಮಿಲಿಗಿಂತ ಜಾಸ್ತಿ, ಅಂದರೆ ಬರೀ ಎಣ್ಣೆಯಿಂದಲೇ 500ಕ್ಕಿಂತ ಹೆಚ್ಚು ಕ್ಯಾಲೊರಿ. ಹೈದರಾಬಾದಿನ ಪೋಷಣೆ ಸಂಸ್ಥೆಯವರು ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಅಂತ ಇಟ್ಟಿದ್ದಾರೆ. ಅದು ಎದ್ದು ಓಡಾಡುವವರ ಲೆಕ್ಕ, ನಮಗೆ ಅಷ್ಟೂ ಬೇಡ. ಅದರಲ್ಲಿ 500 ಎಣ್ಣೆಗೇ ಹೋದರೆ ಉಳಿದದ್ದೇನು? ಈಗ 2 ಲೀಟರ್ ತಂದು ಕ್ಯಾನಿನ ಮೇಲೆ ಪೆನ್ನಲ್ಲಿ ನಾಲ್ಕು ಗೆರೆ ಹಾಕಿದ್ದೇವೆ, ವಾರಕ್ಕೆ ಒಂದು ಗೆರೆ. ವಾರದ ಕೊನೆಗೆ ಗೆರೆ ದಾಟಿದರೆ ಒಗ್ಗರಣೆ ಇಲ್ಲ, ಬರೀ ಉಪ್ಸಾರು. ಇದರಿಂದ ದಿನಕ್ಕೆ ಸುಮಾರು 270 ಕ್ಯಾಲೊರಿ ಉಳಿಯಿತು. ನಿಮ್ಮ ಡಾಕ್ಟರ್ ಹೇಳಿದ 45 ನಿಮಿಷದ ವಾಕ್ ಇದೆಯಲ್ಲ, 80 ಕೆಜಿ ಇರುವವರು ಅಷ್ಟು ನಡೆದರೂ ಕರಗುವುದು ಸುಮಾರು 200. ಅಷ್ಟನ್ನು ನಾನು ನಡೆಯದೆ ಅಡುಗೆಮನೆಯಲ್ಲೇ ನಡೆದೆ ಅನ್ನಿ.

ಮುದ್ದೆ ಬಗ್ಗೆ ಒಂದು ಮಾತು. ರಾಗಿ ಅಂದ ತಕ್ಷಣ ತೂಕ ಇಳಿಯುತ್ತದೆ ಅಂತ ನಮ್ಮ ಕಡೆ ನಂಬಿಕೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ 300ಕ್ಕೆ ಮೇಲೆ ಕ್ಯಾಲೊರಿ ಇದೆ. ಹೊಲದಲ್ಲಿ ಗೇಯುವವರ ಮುದ್ದೆ ಸೈಜು ನಮಗಲ್ಲ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಸಾಕು. ಸೊಪ್ಪು, ಕಾಳು ಎಷ್ಟು ಬೇಕೋ ಅಷ್ಟು.

ಬೆಣ್ಣೆನಗರಿ ಟೀಚರ್:

ಅಣ್ಣಾ, ನಮ್ಮ ಮನೆ ಎಣ್ಣೆ ಲೆಕ್ಕ ಹಾಕಿದೆ. ಮೂವರಿಗೆ 7 ಲೀಟರ್. ಅತ್ತೆಯವರಿಗೆ ಇನ್ನೂ ಹೇಳಿಲ್ಲ, ಧೈರ್ಯ ಸಾಲಲಿಲ್ಲ.

ಆರೋಗ್ಯ ಸಿರಿ:

ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಬಿಸಿ ನೀರಿಗೆ ಜೀರಿಗೆ, ನಿಂಬೆ, ಜೇನುತುಪ್ಪ ಹಾಕಿ ಕುಡಿಯಿರಿ ಮೇಡಂ. 21 ದಿನದಲ್ಲಿ 10 ಕೆಜಿ ಗ್ಯಾರಂಟಿ. ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ, ಅದರಿಂದಲೇ ಊತ ಬರುವುದು.

ಮಲೆನಾಡ ಫಿಸಿಯೋ:

ಸಿರಿ ಅವರೇ, ಜೀರಿಗೆ ನೀರು ಕುಡಿಯಲಿ ಬಿಡಿ, ತೊಂದರೆ ಇಲ್ಲ, ಆದರೆ ಅದರಿಂದ 21 ದಿನದಲ್ಲಿ 10 ಕೆಜಿ ಇಳಿಯುವುದಿಲ್ಲ. ಮಾತ್ರೆ ನಿಲ್ಲಿಸಿ ಅನ್ನಬೇಡಿ. ಕಾಲು ಸೆಡೆತಕ್ಕೆ ಕೊಡುವ ಬ್ಯಾಕ್ಲೋಫೆನ್ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು.

ಟೀಚರ್ ಮೇಡಂ, ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ನೀವು ಮಾರ್ಚ್‌ನಲ್ಲಿ ಮಲಗಿಬಿಟ್ಟಿರಲ್ಲ, ಅದು ರಿಲ್ಯಾಪ್ಸ್ ಆಗಿರಲಿಕ್ಕಿಲ್ಲ, ಮೈ ಬಿಸಿಯಾಗಿದ್ದರಿಂದ ಆಗಿರಬೇಕು. 1890ರಲ್ಲಿ ಊಟ್‌ಹಾಫ್ ಅನ್ನುವ ಜರ್ಮನ್ ಕಣ್ಣಿನ ಡಾಕ್ಟರ್ ಇದನ್ನು ಮೊದಲು ಬರೆದಿಟ್ಟರು, ಶ್ರಮದ ಕೆಲಸ ಮಾಡಿದ ಮೇಲೆ ರೋಗಿಗಳಿಗೆ ಕಣ್ಣು ಮಂಜಾಗುತ್ತದೆ ಅಂತ. ನರದ ಮೇಲಿನ ಮೈಲಿನ್ ಹೊದಿಕೆ ಕಿತ್ತು ಹೋದ ಜಾಗದಲ್ಲಿ ಸ್ವಲ್ಪ ಬಿಸಿ ಏರಿದರೂ ಸಂದೇಶ ಮುಂದಕ್ಕೆ ಹೋಗುವುದಿಲ್ಲ. ಎಂಆರ್‌ಐ ಬರುವ ಮೊದಲು ಬಿಸಿ ನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಈ ಕಾಯಿಲೆ ಪರೀಕ್ಷೆ ಮಾಡುತ್ತಿದ್ದರು. ನನ್ನ ಹತ್ತಿರ ಬರುವ ಒಬ್ಬರು ದೀಪಾವಳಿ ಎಣ್ಣೆಸ್ನಾನಕ್ಕೆ ಹಂಡೆ ನೀರು ಸುರಿದುಕೊಂಡು, ಬಚ್ಚಲಿಂದ ಎದ್ದು ಬರಲಾರದೆ ಮನೆಯವರೆಲ್ಲ ಗಾಬರಿ ಬಿದ್ದಿದ್ದರು. ಫ್ಯಾನ್ ಕೆಳಗೆ ಮಲಗಿಸಿದ ಮೇಲೆ ಸರಿಹೋಯಿತು. ತಣ್ಣಗಾದರೆ ಸಾಮಾನ್ಯವಾಗಿ ವಾಪಸ್ ಸರಿಯಾಗುತ್ತದೆ. ಆದರೆ ತಣ್ಣಗಾದ ಮೇಲೂ ಒಂದು ದಿನಕ್ಕಿಂತ ಜಾಸ್ತಿ ಉಳಿದರೆ, ಅಥವಾ ಜ್ವರ, ಉರಿಮೂತ್ರ ಇದ್ದರೆ, ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಲೇಬೇಕು. ನಿಮಗೆ ಎರಡು ದಿನ ಆಗಿದೆ, ಮುಂದಿನ ಸಲ ಹೋದಾಗ ಇದನ್ನು ಹೇಳಿ.

ಅದಕ್ಕೇ ನಿಮ್ಮ ವ್ಯಾಯಾಮ 11 ಗಂಟೆಗೆ ಬೇಡ. ಬೆಳಿಗ್ಗೆ ಆರು, ಆರೂವರೆ. ಕತ್ತಿಗೆ ಒದ್ದೆ ಟವಲ್, ಎದುರಿಗೆ ಟೇಬಲ್ ಫ್ಯಾನ್, ಶುರು ಮಾಡುವ ಮೊದಲು ಒಂದು ಲೋಟ ತಣ್ಣೀರು.

ವ್ಯಾಯಾಮದಿಂದ ಕೊಬ್ಬು ಕರಗಿಸುತ್ತೇನೆ ಅಂತ ಹೊರಟರೆ ನಿಮಗೆ ನಿರಾಸೆ ಆಗುತ್ತದೆ. ನಿಮ್ಮ ವ್ಯಾಯಾಮ ಎದ್ದು ನಿಲ್ಲುವುದಕ್ಕೆ. ಕೈಗಳಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಮೇಲೊಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ, ಎದುರಿಗೆ ವಾಕರ್ ಇರಲಿ, ಪಕ್ಕದಲ್ಲಿ ಯಾರಾದರೂ ಇರಲಿ. ಕುರ್ಚಿ ಅಂಚಿಗೆ ಸರಿದು, ಪಾದ ಹಿಂದಕ್ಕೆ ಎಳೆದು, ಮೂಗು ಮಂಡಿಗಿಂತ ಮುಂದೆ ಬರುವ ಹಾಗೆ ಬಾಗಿ ಏಳಿ. ಕೂರುವಾಗ ದೊಪ್ಪನೆ ಬೀಳಬೇಡಿ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಕೂರಿ. ಅಲ್ಲೇ ಶಕ್ತಿ ಬರುವುದು. ಮೊದಲ ವಾರ ನಾಲ್ಕೇ ಸಲ, ಎರಡೆರಡು ನಿಮಿಷ ಸುಧಾರಿಸಿಕೊಂಡು. ತೋಳಿಗೆ ಅರ್ಧ ಲೀಟರ್ ನೀರಿನ ಬಾಟ್ಲಿ ಸಾಕು, ತೊಡೆ ಗಟ್ಟಿ ಇಲ್ಲದವರಿಗೆ ತೋಳೇ ಅಲ್ವಾ ಆಧಾರ. ಇನ್ನೂ ಎರಡು ಸಲ ಮಾಡಬಲ್ಲೆ ಅನ್ನುವಾಗಲೇ ನಿಲ್ಲಿಸಿ. ಸುಸ್ತಾಗುವ ತನಕ ಮಾಡಿದರೆ ಮಧ್ಯಾಹ್ನ ಬಾತ್‌ರೂಮಿಗೆ ಹೋಗಲು ಕಾಲು ಉಳಿಯುವುದಿಲ್ಲ. ಪಾದ ಎಡವುವುದಕ್ಕೆ ಎಎಫ್‌ಒ ಅನ್ನುವ ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆ, ಅಳತೆ ಕೊಟ್ಟು ಮಾಡಿಸಿಕೊಳ್ಳಿ, ಯಾರೂ ಇನ್ನೂ ಹೇಳಿಲ್ಲ ಅಂದರೆ ನನಗೆ ಆಶ್ಚರ್ಯ.

ಈಗ ಎಲ್ಲರೂ ಕೇಳುತ್ತಾರೆ, ತೂಕ ಇಳಿಸುವ ಇಂಜೆಕ್ಷನ್, ಸೆಮಾಗ್ಲುಟೈಡ್ ತಗೊಳ್ಳಲಾ ಅಂತ. ಅದು ನಿಮ್ಮ ನ್ಯೂರಾಲಜಿಸ್ಟ್ ಮತ್ತು ಶುಗರ್ ಡಾಕ್ಟರ್ ಸೇರಿ ಹೇಳಬೇಕಾದದ್ದು. ನನ್ನ ಆತಂಕ ಎರಡು. ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ನಿಮಗೆ ಉಳಿದಿರುವುದೇ ಸ್ವಲ್ಪ. ಮತ್ತೆ ಅದರಿಂದ ಮಲಬದ್ಧತೆ ಆಗುತ್ತದೆ, ಎಂಎಸ್‌ನವರಿಗೆ ಅದು ಮೊದಲೇ ಇರುತ್ತದೆ.

ಉಡುಪಿ ಹುಡುಗಿ:

ಅಕ್ಕಾ, ನನ್ನ ಅಮ್ಮನಿಗೆ ಎಂಎಸ್, ನೋಡಿಕೊಳ್ಳುವವಳು ನಾನು. ನಿಮ್ಮ ಬೆಡ್‌ಶೀಟ್ ಕಥೆ ಓದಿ ಕಣ್ಣಲ್ಲಿ ನೀರು ಬಂತು, ನಮ್ಮಲ್ಲೂ ಹೀಗೇ ಆಗಿದೆ.

ನೀವು ರಾತ್ರಿ ಊಟ ಬಿಡಬೇಡಿ. ಅಮ್ಮನೂ ಹಟ ಹಿಡಿದು ಎರಡು ತಿಂಗಳು ಬರೀ ಗಂಜಿ ಕುಡಿದು 7 ಕೆಜಿ ಇಳಿದಳು, ಆಮೇಲೆ ಬೆನ್ನಿನ ಕೆಳಗೆ ಒತ್ತಡದ ಹುಣ್ಣು ಆಯಿತು. ಮಾಂಸ ಕರಗಿ ಎಲುಬಿನ ಮೇಲೆ ಕೂತ ಹಾಗಾಗಿತ್ತು. ಆ ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಈಗ ಮೂರು ಹೊತ್ತೂ ಪ್ರೊಟೀನ್ ಕೊಡುತ್ತೇನೆ, ಹೆಸರುಕಾಳು, ಮೊಟ್ಟೆ, ಮಜ್ಜಿಗೆಯ ಬದಲು ಗಟ್ಟಿ ಮೊಸರು, ವಾರಕ್ಕೆರಡು ಸಲ ಬಂಗುಡೆ, ಹುರಿಯದೆ ಪುಳಿಮುಂಚಿ. ನಿಮ್ಮ ಮಾತ್ರೆಗೆ ಬಿಸ್ಕತ್ತು ಬೇಡ, ಒಂದು ಮೊಟ್ಟೆಯೋ ಸಣ್ಣ ಮುಷ್ಟಿ ಶೇಂಗಾವೋ ತಿನ್ನಿ. ಹೊಟ್ಟೆಗೆ ಆಧಾರ ಆಗುತ್ತದೆ.

ನೀರು ಕುಡಿಯುತ್ತೀರಾ? ಬಾತ್‌ರೂಮಿಗೆ ಎದ್ದು ಹೋಗುವ ಕಷ್ಟಕ್ಕೆ ಅಮ್ಮ ದಿನಕ್ಕೆ ಮೂರೇ ಲೋಟ ಕುಡಿಯುತ್ತಿದ್ದಳು. ಮಲಬದ್ಧತೆ, ಹೊಟ್ಟೆಯುಬ್ಬರ, ಮೂತ್ರದ ಸೋಂಕು, ಅದರಿಂದ ಜ್ವರ, ಜ್ವರದಿಂದ ಕಾಲು ಬಿದ್ದುಹೋಗುವುದು. ಈಗ ಸಂಜೆ ಆರರ ಒಳಗೆ ನೀರೆಲ್ಲ ಮುಗಿಸುತ್ತೇವೆ.

ಸ್ಟೆರಾಯ್ಡ್ ಬಗ್ಗೆ ಯಾರೂ ಹೇಳಲಿಲ್ಲ. ದಿನಕ್ಕೆ ಒಂದು ಗ್ರಾಂನಂತೆ ಮೂರರಿಂದ ಐದು ದಿನ ಹಾಕುತ್ತಾರಲ್ಲ, ಆ ವಾರ ಏರುವ ತೂಕದಲ್ಲಿ ತುಂಬಾ ಭಾಗ ನೀರು. ಬೇಡ ಅನ್ನಬಾರದು, ರಿಲ್ಯಾಪ್ಸ್‌ಗೆ ಅದು ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಅಮ್ಮ ಉಪ್ಪಿನಕಾಯಿ ಹಚ್ಚಿಕೊಂಡು ಹಪ್ಪಳ ತಿನ್ನುತ್ತಿದ್ದಳು, ಅಷ್ಟು ಹಸಿವು! ಈಗ ಆ ವಾರ ಉಪ್ಪಿನಕಾಯಿ ಭರಣಿ ಚಿಕ್ಕಮ್ಮನ ಮನೆಗೆ ಹೋಗುತ್ತದೆ, ಹಾಸಿಗೆ ಪಕ್ಕ ಸೌತೆಕಾಯಿ ಡಬ್ಬ. ಉರಿ ನೋವಿಗೆ ಪ್ರಿಗ್ಯಾಬಲಿನ್ ಅಥವಾ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಅದರಿಂದಲೂ ತೂಕ ಏರಬಹುದು, ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಮತ್ತೆ ಹೋಳಿಗೆ. ಯಾರೇ ನೋಡಲು ಬಂದರೂ "ಪಾಪ, ಒಂದು ತಿನ್ನಲಿ" ಅಂತ ಡಬ್ಬ ತರುತ್ತಾರೆ ಅಲ್ವಾ? ನಾನೀಗ ಬಾಗಿಲಲ್ಲೇ ಹೇಳುತ್ತೇನೆ, ಮಲ್ಲಿಗೆ ತನ್ನಿ ಅಂತ. ಅಮ್ಮನಿಗೂ ಖುಷಿ.

ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ 1985ರಿಂದ ಇದೆ, ಬೆಂಗಳೂರಿನಲ್ಲೂ ಶಾಖೆ ಇದೆ. ಫೋನ್ ಮಾಡಿ ಮಾತಾಡಿ. 2016ರ ಅಂಗವಿಕಲರ ಕಾಯ್ದೆಯಲ್ಲಿ ಎಂಎಸ್ ಸೇರಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲದಿದ್ದರೆ ಅದನ್ನೂ ಮಾಡಿಸಿ.

ಬೆಣ್ಣೆನಗರಿ ಟೀಚರ್:

ಆರು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ. ಯಜಮಾನರ ಸ್ನೇಹಿತರ ಮಂಡಿಗೆ ಹೋದೆವು. ಕುರ್ಚಿ ಸಮೇತ 100.5, ಕುರ್ಚಿ 18. ಅಂದರೆ 82.5, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಮಾಲರು ನನ್ನ ಕಡೆ ನೋಡಲೂ ಇಲ್ಲ, ಅವರಿಗೆ ಅವರ ಕೆಲಸ. ಮೊನ್ನೆ ಮತ್ತೆ ಹೋದಾಗ 98.5. ಎರಡು ಕೆಜಿ.

ಎಎಫ್‌ಒ ಬಂತು. ಮೊದಲ ವಾರ ಪಾದ ಉಜ್ಜಿ ಕೆಂಪಾಯಿತು, ಉದ್ದ ಸಾಕ್ಸ್ ಹಾಕಿದ ಮೇಲೆ ಸರಿ. ಕುರ್ಚಿಯಿಂದ ಏಳುವುದು ನಾಲ್ಕರಿಂದ ಒಂಬತ್ತಕ್ಕೆ ಬಂದಿದ್ದೇನೆ, ಆದರೆ ದಿಂಬು ತೆಗೆದರೆ ಇನ್ನೂ ಆಗುವುದಿಲ್ಲ. ಡಾಕ್ಟರ್ ಪ್ರಿಗ್ಯಾಬಲಿನ್ ಪ್ರಮಾಣ ಕಮ್ಮಿ ಮಾಡಿ ನೋಡೋಣ ಅಂದಿದ್ದಾರೆ.

ಅತ್ತೆಯವರಿಗೆ ಎಣ್ಣೆ ಗೆರೆಯ ವಿಷಯ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಪೆನ್ನು ತಂದು, ಇದು ಅವಳ ಗೆರೆ, ಇದು ನಮ್ಮ ಗೆರೆ ಅಂತ ಬೇರೆ ಬೇರೆ ಕ್ಯಾನ್ ಮಾಡಿಟ್ಟರು. ಅವರದು ಅಡುಗೆಮನೆ ಅಟ್ಟದ ಮೇಲಿದೆ, ನನ್ನ ಕೈಗೆ ಸಿಗುವುದಿಲ್ಲ. ಬೆಣ್ಣೆ ದೋಸೆ ಭಾನುವಾರ ಮಾತ್ರ, ಒಂದು. ಅದನ್ನು ಬಿಡಿ ಅಂತ ಮಾತ್ರ ಯಾರೂ ಹೇಳಬೇಡಿ.