ಬ್ರೇಕ್ ತುಳಿದರೆ ಇಂಡಿಕೇಟರ್ ಕೂಡ ಮಂಕಾಗಿ ಹೊತ್ತಿಕೊಳ್ಳುತ್ತಿದೆ, ಯಾಕೆ?

ಪ್ರಶ್ನೆ:
ಕಾರಿನ ಹಿಂದಿನ ಎಡಗಡೆ ಲೈಟ್‌ನದ್ದೇ ತೊಂದರೆ. ಬ್ರೇಕ್ ತುಳಿದರೆ ಬ್ರೇಕ್ ಲೈಟ್ ಮಂಕಾಗಿ ಉರಿಯುತ್ತದೆ. ಜೊತೆಗೆ ಅದೇ ಕಡೆಯ ಇಂಡಿಕೇಟರ್ ಕೂಡ ಸಣ್ಣಗೆ ಹೊತ್ತಿಕೊಳ್ಳುತ್ತದೆ. ಬಲಗಡೆ ಎಲ್ಲ ಸರಿಯಾಗಿದೆ. ಫ್ಯೂಸ್ ಚೆನ್ನಾಗಿದೆ. ಹೊಸ ಬಲ್ಬ್ ಹಾಕಿದರೂ ಹಾಗೇ ಇದೆ. ಮಲ್ಟಿಮೀಟರ್ ಬೀಪ್‌ಗೆ (ವೈರ್ ತುಂಡಾಗಿಲ್ಲದಿದ್ದರೆ ಸದ್ದು ಮಾಡುವ ಸೆಟ್ಟಿಂಗ್) ಇಟ್ಟು ಅರ್ಥ್ ವೈರ್, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ವೈರ್ ನೋಡಿದೆ, ಬೀಪ್ ಬರುತ್ತದೆ. ಹಾಗಾದರೆ ಬ್ರೇಕ್ ಸ್ವಿಚ್ ಹೋಗಿದೆಯಾ?

ಉತ್ತರ:
ಸ್ವಿಚ್ ಅಲ್ಲ. ಸ್ವಿಚ್ ಹೋಗಿದ್ದರೆ ಬಲಗಡೆಯೂ ಮಂಕಾಗಬೇಕಿತ್ತು, ಅಲ್ವಾ? ನೀವು ಹೇಳಿದ ಲಕ್ಷಣ ನೋಡಿದರೆ ಅರ್ಥ್ ಮೇಲೇ ಅನುಮಾನ.

ಆ ಲೈಟ್‌ನ ಎಲ್ಲ ಬಲ್ಬ್‌ಗಳಿಗೂ ಸಾಮಾನ್ಯವಾಗಿ ಒಂದೇ ಅರ್ಥ್ ಇರುತ್ತದೆ. ಅದು ಕೆಟ್ಟರೆ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಬಲ್ಬ್‌ನ ಫಿಲಮೆಂಟ್ (ಒಳಗೆ ಉರಿಯುವ ತಂತಿ) ದಾಟಿ ಬಂದ ಕರೆಂಟ್ ಇಂಡಿಕೇಟರ್ ಬಲ್ಬ್‌ನೊಳಗೆ ನುಗ್ಗಿ, ಅದರ ವೈರ್‌ನಲ್ಲೇ ಕಾರಿನ ಮುಂಭಾಗದ ಇಂಡಿಕೇಟರ್‌ಗೆ ಹೋಗಿ, ಅಲ್ಲಿನ ಅರ್ಥ್ ಸೇರುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬ್‌ಗಳೆಲ್ಲ ವೋಲ್ಟೇಜ್ ಹಂಚಿಕೊಳ್ಳುವುದರಿಂದ ಯಾವುದೂ ಪೂರ್ತಿ ಉರಿಯುವುದಿಲ್ಲ.

ಬೀಪ್ ನಂಬಬೇಡಿ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸುವುದು ತೀರಾ ಸಣ್ಣ ಕರೆಂಟ್. ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಆದರೆ 21 ವ್ಯಾಟ್ ಬಲ್ಬ್‌ಗೆ 12 ವೋಲ್ಟ್‌ನಲ್ಲಿ ಸುಮಾರು 1.75 ಆಂಪಿಯರ್ ಬೇಕು. ಅಷ್ಟು ಹರಿಯುವಾಗ ಕೆಟ್ಟ ಅರ್ಥ್‌ನಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ಹಾಗಾಗಿ ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು.

ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ವೈರ್ ಸಾಲದಿದ್ದರೆ ಇನ್ನೊಂದು ತುಂಡು ಸೇರಿಸಿಕೊಳ್ಳಿ. ಕೆಂಪು ಕಡ್ಡಿ ಬಲ್ಬ್ ಹೋಲ್ಡರ್‌ನ ಅರ್ಥ್ ಪಿನ್‌ಗೆ. ಯಾರಾದರೂ ಬ್ರೇಕ್ ಒತ್ತಿ ಹಿಡಿದಿರಲಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಜಾಸ್ತಿ ತೋರಿಸಿದರೆ ಕೆಂಪು ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಸರಿಸುತ್ತಾ ಹೋಗಿ: ಕನೆಕ್ಟರ್, ಅರ್ಥ್ ವೈರ್ ತುದಿಯಲ್ಲಿ ಬೋಲ್ಟ್ ಕೆಳಗಿರುವ ರಿಂಗ್, ಪಕ್ಕದಲ್ಲಿ ಪೇಂಟ್ ಇಲ್ಲದ ಬಾಡಿ ತಗಡು. ಎಲ್ಲಿ ವೋಲ್ಟೇಜ್ ದಿಢೀರನೆ ಬೀಳುತ್ತದೋ, ದೋಷ ಅದರ ಹಿಂದಿನ ಜಾಗಕ್ಕೂ ಆ ಜಾಗಕ್ಕೂ ನಡುವೆ ಇದೆ.

ಸುಮ್ನೆ ಬಲ್ಬ್ ಬದಲಿಸುತ್ತಾ ಕೂರಬೇಡಿ. ಫ್ಯೂಸ್ ಅಂತೂ ದೊಡ್ಡದು ಹಾಕಲೇಬೇಡಿ, ವೈರ್ ಸುಟ್ಟೀತು.

ಪ್ರಶ್ನೆ ಕೇಳಿದವರು:
ಪಿನ್‌ನಲ್ಲಿ 6.2 ವೋಲ್ಟ್ ಬಂತು. ರಿಂಗ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ತಗಡಿನಲ್ಲಿ 0.05. ಬೋಲ್ಟ್ ಬಿಚ್ಚಿದರೆ ರಿಂಗ್ ಕೆಳಗೆ ಕಂದು ಪುಡಿ, ಅದರಡಿ ಪೇಂಟ್ ಉಬ್ಬಿಕೊಂಡಿದೆ. ಹೊಸ ವೈರ್ ಎಳೆಯಬೇಕಾ?

ಉತ್ತರ:
ಸಿಕ್ಕಿತಲ್ಲ! ರಿಂಗ್‌ಗೂ ತಗಡಿಗೂ ನಡುವಿನ ತುಕ್ಕೇ ಕಾರಣ. ವೈರ್ ಗಟ್ಟಿಯಾಗಿದ್ದರೆ ಹೊಸದು ಬೇಡ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ರಿಂಗ್‌ನ ಎರಡೂ ಮುಖವನ್ನೂ ತಗಡನ್ನೂ ಎಮರಿ ಪೇಪರ್‌ನಲ್ಲಿ ಹೊಳೆಯುವವರೆಗೆ ಉಜ್ಜಿ. ಬಿಗಿಯಾಗಿ ಬೋಲ್ಟ್ ಹಾಕಿ, ಆಮೇಲೆ ಮೇಲಿಂದ ಗ್ರೀಸ್ ಸವರಿ. ತಗಡೇ ತಿಂದುಹೋಗಿದ್ದರೆ ಮಾತ್ರ ಅಷ್ಟೇ ದಪ್ಪದ ವೈರ್‌ಗೆ ರಿಂಗ್ ಹಾಕಿ, ಗಟ್ಟಿಯಾದ ಬೇರೆ ಜಾಗಕ್ಕೆ ಬಿಗಿಯಿರಿ. ಬ್ಯಾಟರಿಯ ಮೈನಸ್ ಮರಳಿ ಹಾಕಿ, ಮತ್ತೆ ಬ್ರೇಕ್ ತುಳಿದು ಅಳೆಯಿರಿ. ಮೀಟರ್ ಕೈಯಲ್ಲಿದ್ದಾಗಲೇ ಬಲಗಡೆ ಬೋಲ್ಟ್ ಕೂಡ ನೋಡಿಬಿಡಿ. ತುಕ್ಕು ತರುವ ತೇವ ಅಲ್ಲಿಗೂ ಹೋಗಿರಬಹುದು.