ದರ ಬದಲಾದ ಮೇಲೆ ಹಳೆಯ ದರವನ್ನು ಎಲ್ಲಿ ಹುಡುಕಲಿ?

ಪ್ರಶ್ನೆ:
ನಮ್ಮೂರ ಹಾಲಿನ ಡೇರಿಯ ಲೆಕ್ಕವನ್ನು ನಾನೇ ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇಟ್ಟಿದ್ದೇನೆ. ದರ ಬದಲಾದಾಗಲೆಲ್ಲ ದರಪಟ್ಟಿಯ ಟೇಬಲ್‌ನಲ್ಲಿ ಹಳೆಯದನ್ನು ತಿದ್ದಿ ಹೊಸದನ್ನು ಹಾಕುತ್ತಿದ್ದೆ. ಮೊನ್ನೆ ಒಬ್ಬ ಅಜ್ಜಿ ಮಾರ್ಚ್ ತಿಂಗಳ ಬಟವಾಡೆ ಚೀಟಿ ಕಳೆದುಹೋಗಿದೆ ಎಂದರು. ಇನ್ನೊಂದು ಪ್ರತಿ ತೆಗೆದುಕೊಟ್ಟೆ. 142 ಲೀಟರ್‌ಗೆ 4,970 ರೂಪಾಯಿ ಎಂದು ಬಂತು. ಅವರ ಪಾಸ್‌ಪುಸ್ತಕದಲ್ಲಿ ಇದ್ದದ್ದು 4,686. ‘ಮಿಕ್ಕ 284 ರೂಪಾಯಿ ಯಾರಿಗೆ ಹೋಯಿತಪ್ಪ?’ ಎಂದು ಕೇಳಿದರು. ಆಗ ದರ 35 ಅಲ್ಲ, 33 ಇತ್ತು ಎಂದು ತೋರಿಸಲು ನನ್ನ ಬಳಿ ಒಂದು ಸಾಲೂ ಇರಲಿಲ್ಲ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದಕ್ಕೆ ದಾರಿ ಏನು?

ಉತ್ತರ 1:
ಮರಿಯಾಡಿಬಿ 10.3ರಿಂದ ಈ ಸೌಲಭ್ಯ ಇದೆ. ‘ಆಲ್ಟರ್ ಟೇಬಲ್ ದರಪಟ್ಟಿ ಆ್ಯಡ್ ಸಿಸ್ಟಮ್ ವರ್ಷನಿಂಗ್’ ಎಂದು ಕೊಡಿ. ಮುಂದೆ ತಿದ್ದಿದರೂ ಅಳಿಸಿದರೂ ಹಳೆಯ ಸಾಲು ಉಳಿಯುತ್ತದೆ. ‘ಫಾರ್ ಸಿಸ್ಟಮ್ ಟೈಮ್ ಆ್ಯಸ್ ಆಫ್’ ಎಂದು ದಿನಾಂಕ ಕೊಟ್ಟರೆ ಅಂದಿನ ರೂಪ ಸಿಗುತ್ತದೆ.

ಉತ್ತರ 2:
ಸರ್, ಮೇಲಿನದು ಸರಿ, ಆದರೆ ಅದೊಂದನ್ನೇ ನಂಬಬೇಡಿ. ದರದ ಆದೇಶ ನಿಮ್ಮ ಕೈಗೆ ಬರುವುದು 5ರಂದು, ಜಾರಿಯಾಗುವುದು 1ರಿಂದಲೇ ಎಂದುಕೊಳ್ಳಿ. ನೀವು 5ರಂದು ತಿದ್ದುತ್ತೀರಿ. 3ರ ದಿನಾಂಕ ಕೊಟ್ಟು ಕೇಳಿದರೆ ಹಳೆಯ ದರವೇ ಬರುತ್ತದೆ, ರೈತರಿಗೆ ನ್ಯಾಯವಾಗಿ ಸಿಗಬೇಕಾದದ್ದು ಹೊಸದು. ಯಾವ ದರ ಜಾರಿಯಲ್ಲಿತ್ತು ಎನ್ನುವುದು ಒಂದು ಕಾಲ. ನಮ್ಮ ಪುಸ್ತಕದಲ್ಲಿ ಅಂದು ಏನು ಬರೆದಿತ್ತು ಎನ್ನುವುದು ಇನ್ನೊಂದು. ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ 2011ರ ಮಾನಕ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ದರಪಟ್ಟಿಗೆ ‘ಜಾರಿ ಆರಂಭ’, ‘ಜಾರಿ ಅಂತ್ಯ’ ಎಂಬ ಎರಡು ಕಾಲಂ ಸೇರಿಸಿ. 10.5ರಲ್ಲಿ ‘ವಿದೌಟ್ ಓವರ್‌ಲ್ಯಾಪ್ಸ್’ ಬಳಸಿದರೆ ಒಂದೇ ದಿನಕ್ಕೆ ಎರಡು ದರ ಬೀಳುವುದನ್ನು ಡೇಟಾಬೇಸೇ ತಡೆಯುತ್ತದೆ. ಎಲ್ಲಕ್ಕಿಂತ ಮೊದಲು, ಹಣ ಕೊಟ್ಟ ದಿನದ ದರವನ್ನು ಬಟವಾಡೆಯ ಸಾಲಿನಲ್ಲೇ ಬರೆದಿಡಿ. ಕೊಟ್ಟ ಹಣವನ್ನು ಮತ್ತೆ ಲೆಕ್ಕ ಹಾಕಿ ಮುದ್ರಿಸಲೇಬಾರದು.

ಉತ್ತರ 3:
ಬ್ಯಾಕಪ್ ಬಗ್ಗೆ ಎಚ್ಚರ. ಸಾಮಾನ್ಯ ಡಂಪ್‌ನಲ್ಲಿ (ಡೇಟಾಬೇಸನ್ನು ಕಡತವಾಗಿ ತೆಗೆದಿಟ್ಟ ಪ್ರತಿಯಲ್ಲಿ) ಇಂದಿನ ಸಾಲುಗಳಷ್ಟೇ ಬರುತ್ತವೆ. ಸರ್ವರ್ ಬದಲಿಸಿದಾಗ ನಾನು ಎರಡು ವರ್ಷದ ಇತಿಹಾಸವನ್ನು ಹೀಗೆಯೇ ಕಳೆದುಕೊಂಡೆ. 10.11ರಲ್ಲಿ ‘ಡಂಪ್ ಹಿಸ್ಟರಿ’ ಆಯ್ಕೆ ಬಂದಿದೆ, ಅದನ್ನು ಕೊಟ್ಟೇ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಹಳೆಯ ಆದೇಶಗಳ ಕಡತ ಬೀರುವಿನಲ್ಲಿ ಸಿಕ್ಕಿತು. ಒಂದೊಂದನ್ನೂ ಜಾರಿ ದಿನಾಂಕದೊಂದಿಗೆ ಏರಿಸುತ್ತಿದ್ದೇನೆ. ಮಾರ್ಚ್ ಮುಗಿದಿದೆ, ಚೀಟಿಯಲ್ಲಿ 4,686 ಬಂತು. ನಾಳೆ ಬೆಳಗಿನ ಹಾಲು ಹಾಕಲು ಅಜ್ಜಿ ಬಂದಾಗ ಆದೇಶದ ಪ್ರತಿಯನ್ನೂ ಸೇರಿಸಿ ಕೊಡುತ್ತೇನೆ.