ಬಿಳಿ ಸೆರಗು ಕಂಡಕೂಡಲೇ ಫಂಗಸ್ ಮಾತ್ರೆ ನುಂಗೋದು ಸರೀನಾ?

ಲ್ಯಾಬ್‌ಕಿಟಕಿ: ಬಿಳಿ ಹೋಗ್ತಿದೆ ಅಂದ ತಕ್ಷಣ ಫ್ಲುಕೊನಜೋಲ್ 150 ಮಿ.ಗ್ರಾಂ ನುಂಗುವ ಚಾಳಿ ಬಿಡಿ. ವಿಪರೀತ ತುರಿಕೆ, ಒಡೆದ ಹಾಲಿನಂಥ ಸ್ರಾವ, ವಾಸನೆ ಇಲ್ಲ ಅಂದ್ರೆ ಕ್ಯಾಂಡಿಡಾ ಅನ್ನೋ ಫಂಗಸ್ ಇರಬಹುದು. ತೆಳ್ಳಗೆ, ಬೂದು ಬಣ್ಣ, ಸಂಭೋಗದ ನಂತರ ಮೀನಿನ ವಾಸನೆ ಜಾಸ್ತಿ ಅಂದ್ರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದ್ರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿರೋದು. ಇದಕ್ಕೆ ಫಂಗಸ್ ಮಾತ್ರೆ ನಾಟೋದೇ ಇಲ್ಲ. ಆಮ್ಲ ಅಳೆಯೋ ಪಿಎಚ್ ಪಟ್ಟಿ (ಅಂಕಿ ಏರಿದಷ್ಟೂ ಆಮ್ಲ ಕಮ್ಮಿ) 4.5 ದಾಟಿದರೆ ಫಂಗಸ್ ಮಾತು ಬಿಟ್ಟುಬಿಡಿ.

ಗುಳಿಗೆಪೆಟ್ಟಿಗೆ: "ಬಿಟ್ಟುಬಿಡಿ" ಅಂತೆ! ಎರಡೂ ಒಟ್ಟಿಗೇ ಇದ್ದರೆ? ರಕ್ತ, ವೀರ್ಯ ತಾಗಿದರೂ ಪಟ್ಟಿ ಏರುತ್ತೆ. ಮುಟ್ಟು ನಿಂತವರಲ್ಲಂತೂ ಈಸ್ಟ್ರೊಜೆನ್ ಇಳಿದು, ಲ್ಯಾಕ್ಟೊಬ್ಯಾಸಿಲಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿಯಾಗಿ, ಸೋಂಕೇ ಇಲ್ಲದೆ 4.5 ದಾಟಿರುತ್ತೆ.

ಲ್ಯಾಬ್‌ಕಿಟಕಿ: ಮುಟ್ಟಿನ ದಿನ ನೋಡಿ ಅಂತ ನಾನೆಲ್ಲಿ ಹೇಳಿದೆ? ಯೋನಿಯ ಪಕ್ಕದ ಗೋಡೆಯಿಂದ ಸ್ವ್ಯಾಬ್ (ಹತ್ತಿಕಡ್ಡಿ) ಒರೆಸಿ ಸ್ರಾವ ತೆಗೆದು ಪಟ್ಟಿಗೆ ಒರೆಸಿ, ಬಣ್ಣ ಹೋಲಿಸಿ. ಅಷ್ಟೇ.

ಗಾಜುಪಟ್ಟಿ: "ಅಷ್ಟೇ" ಅಲ್ಲ ಸ್ವಾಮಿ. ಸ್ವ್ಯಾಬ್ ಗರ್ಭಕೊರಳಿಗೆ ತಾಗಿದರೆ ಅಲ್ಲಿನ ಲೋಳೆ 7ರ ಆಸುಪಾಸು, ಲೆಕ್ಕ ತಪ್ಪುತ್ತೆ. 1ರಿಂದ 14ರ ಪಟ್ಟಿಯಲ್ಲಿ 4, 5ರ ಬಣ್ಣ ಬೇರ್ಪಡಿಸೋಕೇ ಆಗಲ್ಲ. ವಜೈನೋಸಿಸ್ ಗುರುತಿಸೋಕೆ ವೈದ್ಯರು ಬಳಸೋ ಆಮ್ಸೆಲ್ ಪದ್ಧತಿಯಲ್ಲಿ ಪಿಎಚ್ ನಾಲ್ಕು ಲಕ್ಷಣಗಳಲ್ಲಿ ಒಂದು ಮಾತ್ರ. ತೆಳು ಸ್ರಾವ, 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿಗೆ ಏಳುವ ಮೀನಿನ ವಾಸನೆ, ಸೂಕ್ಷ್ಮದರ್ಶಕದಲ್ಲಿ ಕ್ಲೂ ಕೋಶ (ಬ್ಯಾಕ್ಟೀರಿಯಾ ಮೆತ್ತಿಕೊಂಡ ಯೋನಿ ಕೋಶ) ಸೇರಿ ಈ ನಾಲ್ಕರಲ್ಲಿ ಮೂರಾದರೂ ಇರಬೇಕು.

ಲ್ಯಾಬ್‌ಕಿಟಕಿ: ಮನೇಲಿ ಸೂಕ್ಷ್ಮದರ್ಶಕ ಇಟ್ಕೊಂಡಿರ್ತಾರಾ?

ಗುಳಿಗೆಪೆಟ್ಟಿಗೆ: ಇಟ್ಕೊಂಡಿಲ್ಲ ಅಂತಲೇ ಮನೇಲಿ ರೋಗ ತೀರ್ಮಾನ ಮಾಡಬೇಡಿ ಅಂದಿದ್ದು! ಹಸಿರು-ಹಳದಿ ನೊರೆ ಸ್ರಾವದ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿಯ ಸೋಂಕಿನಲ್ಲೂ ಪಿಎಚ್ ಏರುತ್ತೆ. ನಿಮ್ಮ ಪಟ್ಟಿ ಅದನ್ನ ಹೇಳುತ್ತಾ?

ತಿಳಿನೀರು: ಪಟ್ಟಿ ಜಗಳ ಸಾಕು ಮಾರಾಯ್ರೆ. ಒಳಗೆ ನೀರು ಹಾಯಿಸಿ ತೊಳೆಯೋದು ನಿಲ್ಲಿಸಿದರೆ ಅರ್ಧ ಕಾಟ ತಪ್ಪುತ್ತೆ. ಆಮ್ಲ ತಯಾರಿಸೋ ಲ್ಯಾಕ್ಟೊಬ್ಯಾಸಿಲಸ್ಸೇ ಕೊಚ್ಚಿಹೋಗುತ್ತೆ. ಹೊರಭಾಗಕ್ಕೆ ಬರೀ ನೀರು ಸಾಕು.

ಸೋಪುನೊರೆ: ಬರೀ ನೀರಾ? ಪಿಎಚ್ 3.5ರ ವಾಶ್‌ಗಳಿವೆಯಲ್ಲ.

ತಿಳಿನೀರು: ಬಾಟಲಿ ಮೇಲಿನ ಅಂಕಿ ಓದಿ ಒಳಗೆ ಸುರಿದುಕೊಳ್ಳೋರೇ ಜಾಸ್ತಿ. ಸುಗಂಧದಿಂದ ಚರ್ಮ ಉರಿದರೆ ಅದನ್ನೂ ಸೋಂಕು ಅಂದ್ಕೊಂಡು ಇನ್ನಷ್ಟು ತೊಳೀತಾರೆ.

ಗಾಜುಪಟ್ಟಿ: ತೊಳೆಯದವರಿಗೂ ವಜೈನೋಸಿಸ್ ಮರುಕಳಿಸುತ್ತೆ. 2025ರ ಆಸ್ಟ್ರೇಲಿಯಾ ಪ್ರಯೋಗ ನೋಡಿ. ಗಂಡಸರಿಗೂ ಏಳು ದಿನ ಬ್ಯಾಕ್ಟೀರಿಯಾ ಕೊಲ್ಲೋ ಮೆಟ್ರೊನಿಡಜೋಲ್ ಮಾತ್ರೆ, ಶಿಶ್ನಕ್ಕೆ 2% ಕ್ಲಿಂಡಮೈಸಿನ್ ಕ್ರೀಮ್ ಕೊಟ್ಟಾಗ 12 ವಾರದೊಳಗೆ ಮರುಕಳಿಸಿದ್ದು 35%. ಹೆಂಗಸರಿಗಷ್ಟೇ ಕೊಟ್ಟಾಗ 63%.

ಲ್ಯಾಬ್‌ಕಿಟಕಿ: ಅದು ಒಬ್ಬನೇ ಸಂಗಾತಿ ಇದ್ದವರ ಮೇಲಿನ ಪ್ರಯೋಗ. ಗಂಡಸರಿಗೆ ಬರೀ ಮಾತ್ರೆ ಕೊಟ್ಟ ಹಳೇ ಪ್ರಯೋಗಗಳು ಮಕಾಡೆ ಮಲಗಿದ್ದನ್ನ ಯಾಕೆ ಹೇಳಲ್ಲ?

ಗಾಜುಪಟ್ಟಿ: ಕ್ರೀಮ್ ಅಂತ ಬರೆದಿದ್ದು ಕಾಣಲಿಲ್ವಾ?

ಗುಳಿಗೆಪೆಟ್ಟಿಗೆ: ನೀವಿಬ್ರೂ ಬಸುರಿಯರನ್ನ ಮರೆತೇಬಿಟ್ರಿ. ಅವರಿಗೆ ಫ್ಲುಕೊನಜೋಲ್ ಮಾತ್ರೆ ಬೇಡ; ಫಂಗಸ್ ಆದರೆ ಕ್ಲೊಟ್ರಿಮಜೋಲ್ ಔಷಧಿ ಯೋನಿಯೊಳಗೆ ಏಳು ದಿನ, ಅದೂ ವೈದ್ಯರು ನೋಡಿದ ಮೇಲೆ. ಯಾರಿಗೇ ಆಗಲಿ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅದೇ ದಿನ ಆಸ್ಪತ್ರೆ.

ಲ್ಯಾಬ್‌ಕಿಟಕಿ: ಬಸುರಿಯರಿಗೆ ಮಾತ್ರೆ ಕೊಡಿ ಅಂತ ನಾನು ಬರೆದ ಸಾಲು ತೋರಿಸಿ ನೋಡೋಣ.